ಹೊಲಿಗೆ ನೀರು ಕುಡಿಯುವ ತನಕ

ಟ್ರೇಲರಿನ ಹಿಂಬಾಗಿಲಿನ ಚಿಲಕ ಕೂರುವುದಿಲ್ಲ ಎಂಬುದು ಎರೋಲ್ ನೋಸ್ಕೆಗೆ ಗುರುವಾರವೇ ಗೊತ್ತಾಗಿಹೋಗಿತ್ತು. ಹುಡುಕಿ ಕಂಡಿದ್ದಲ್ಲ. ಟ್ರೇಲರ್ ಅಂಗಳಕ್ಕೆ ಬಂದು ನಿಂತ ಗಳಿಗೆಯಲ್ಲೇ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಇದೆಯೆಂದು ಕಣ್ಣು ಅವನನ್ನು ಕೇಳದೆಯೇ ಎತ್ತಿಕೊಂಡುಬಿಟ್ಟಿತ್ತು. ಇವತ್ತು ಮಂಗಳವಾರ. ಐದು ದಿನದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು, ನುಂಗಲಾರದೆ ಉಗುಳಲಾರದೆ, ಮನೆ ತುಂಬ ಓಡಾಡುತ್ತಿದ್ದಾನೆ. ಬಾಯಿಗೆ ಬೀಗ ಹಾಕಿಕೊಂಡವನಿಗೆ ಆ ಬೀಗದ್ದು ಬಿಟ್ಟು ಬೇರೆ ಯೋಚನೆ ಬರುವುದಿಲ್ಲ ನೋಡಿ. ತಿಂಡಿ ಮುಗಿಸಿ ಕಿಟಕಿಯ ಬಳಿ ನಿಂತು, ಹೆಂಡತಿ ವರ್ನಾ ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸುವುದನ್ನು ನೋಡಿದ. ಚರ್ಚಿನ ಹಾಲ್‌ನಲ್ಲಿ ಈ ವಾರದ ಪತ್ರಿಕೆ ಮಡಚುವುದಿದೆ, ಹನ್ನೊಂದಕ್ಕೆಲ್ಲ ಬರುತ್ತೇನೆ ಎಂದಿದ್ದಳು. ಹೊರಡುವ ಮುಂಚೆ ಅವನ ಹಣೆಯ ಮೇಲೆ ಅಂಗೈ ಇಟ್ಟು, ಮಕ್ಕಳ ಜ್ವರ ನೋಡುವ ಹಾಗೆ, ಒಂದು ಗಳಿಗೆ ನಿಂತಿದ್ದಳು. "ಅದರ ಹತ್ರ ಹೋಗ್ಬೇಡ, ಎರೋಲ್. ಸುಮ್ನೆ ಕೂತ್ಕೊಂಡು ಪೇಪರ್ ಓದು." ಅದರ ಹತ್ತಿರ ಎಂದರೆ ಟ್ರೇಲರಿನ ಹತ್ತಿರ. ಹಾಗೇಕೆ ಅಂದಳು? ನನ್ನ ಮುಖದಲ್ಲಿ ಏನಾದರೂ ಕಂಡಳೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹಣೆ ಮುಟ್ಟಿ ನೋಡಿಕೊಂಡ. ತಣ್ಣಗಿತ್ತು.

ನಾಳೆ ಬೆಳಗ್ಗೆ ಹೊರಡಬೇಕು. ಮೂರು ವಾರ, ಉತ್ತರಕ್ಕೆ, ಫ್ಲಿಂಡರ್ಸ್ ಬೆಟ್ಟಗಳ ಕಡೆಗೆ, ಆಗಸ್ಟಿನಲ್ಲಿ ಕಾಡು ಹೂ ಬಿಡುವ ಹೊತ್ತಿಗೆ. ಯೋಜನೆ ಅವಳದು, ಟ್ರೇಲರೂ ಅವಳದು. ಚಿಕ್ಕಮ್ಮ ಬಿಟ್ಟುಹೋದ ದುಡ್ಡಿನಲ್ಲಿ, ಇವನನ್ನು ಒಂದು ಮಾತೂ ಕೇಳದೆ, ಅಡಿಲೇಡಿನ ಆಚೆ ಸ್ಟಾವ್ರೋಸ್ ಎಂಬವನ ಸಣ್ಣ ವರ್ಕ್‌ಶಾಪಿಗೆ ಹೋಗಿ ತಾನೇ ಆರಿಸಿ, ತಾನೇ ಕಾರಿಗೆ ಕಟ್ಟಿ, ಇನ್ನೂರೈವತ್ತು ಕಿಲೋಮೀಟರ್ ಎಳೆದುಕೊಂಡು ತಮ್ಮೂರು ಲಾಕ್ಸ್‌ಟನ್ನಿಗೆ ತಂದಿದ್ದಳು. ನೋಡಲು ಅದು ಎರಡು ಚಕ್ರದ ಮೇಲಿನ ಒಂದು ತಗಡಿನ ಪೆಟ್ಟಿಗೆ, ಅಷ್ಟೆ. ಮುಚ್ಚಳ ತೆಗೆದು ಮಗುಚಿದರೆ ಒಳಗಿಂದ ಕ್ಯಾನ್ವಾಸಿನ ಮನೆ ಏಳುತ್ತದೆ, ಮನೆಯೊಳಗೆ ಹಾಸಿಗೆ ಬಿಚ್ಚಿಕೊಳ್ಳುತ್ತದೆ, ಹಿಂದಿನಿಂದ ಎಳೆದರೆ ಒಲೆ, ತೊಟ್ಟಿ, ನಲ್ಲಿ ಎಲ್ಲ ಇರುವ ಅಡುಗೆಮನೆ ಹೊರಗೆ ಬರುತ್ತದೆ. ಜೀವಮಾನದಲ್ಲಿ ಒಂದು ಸೌದೆ ಗಾಡಿಯನ್ನೂ ಕಾರಿಗೆ ಕಟ್ಟಿ ಎಳೆದವಳಲ್ಲ ವರ್ನಾ. ಅವತ್ತು ಗೇಟಿನ ಮುಂದೆ ಹಾರ್ನ್ ಹೊಡೆದಾಗ ಇವನು ಚಪ್ಪಲಿ ಮೆಟ್ಟಿಕೊಳ್ಳದೆ ಓಡಿ ಬಂದಿದ್ದ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಂತೆ ಹಿಡಿದು, ಕತ್ತು ಮುಂದೆ ಚಾಚಿ, ಅವಳು ಎಡಕ್ಕೆ ತಿರುಗಿದಳು. ಕಾರಿನ ದೀಪ ಎಡ ಎನ್ನುತ್ತಿತ್ತು. ಟ್ರೇಲರಿನ ದೀಪ ಬಲ ಎನ್ನುತ್ತಿತ್ತು. ಹಾಗೆಯೇ ಇನ್ನೂರೈವತ್ತು ಕಿಲೋಮೀಟರ್ ಬಂದಿದ್ದಾಳಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬಾಗಿಲು ತೆಗೆದು ಇಳಿದಳು. ಒಂದು ಕಂಬಕ್ಕೂ ತಾಗಿಸಿಲ್ಲ ನೋಡು ಎಂದಳು. ಅವಳ ಮುಖ ಹೇಗಿತ್ತೆಂದರೆ, ಅರವತ್ತೆರಡು ವರ್ಷದ ಮುಖವೇ ಅಲ್ಲ ಅದು. ಆ ಮುಖವನ್ನು ಅವನು ಹಿಂದೊಮ್ಮೆ ನೋಡಿದ್ದ, ಹನ್ನೊಂದು ವರ್ಷದ ಕೆಳಗೆ, ಮತ್ತು ಆಮೇಲೆ ಅದು ಏನಾಯಿತೆಂದೂ ನೋಡಿದ್ದ. ತೆರೆದ ಬಾಯಿಯಲ್ಲಿ ಅವನು "ಚೆನ್ನಾಗಿದೆ" ಎಂದ. ಅಲ್ಲೇ, ಬರಿಗಾಲಿನಲ್ಲಿ ನಿಂತು, ಈ ಟ್ರೇಲರಿನ ಒಂದು ಊನವನ್ನೂ ಇವಳಿಗೆ ಹೇಳುವುದಿಲ್ಲ ಎಂದು ಆಣೆ ಮಾಡಿಕೊಂಡ. ಇದೊಂದು ಅವಳ ಕೈಯಲ್ಲಿ ಇಡಿಯಾಗಿ ಉಳಿಯಲಿ.

ಆಣೆ ಮಾಡುವುದು ಸುಲಭ. ಮೂವತ್ತನಾಲ್ಕು ವರ್ಷ ಕಿತ್ತಳೆ ವಿಂಗಡಿಸಿದ ಕಣ್ಣನ್ನು ಏನು ಮಾಡುವುದು? ಪ್ಯಾಕಿಂಗ್ ಶೆಡ್ಡಿನಲ್ಲಿ ಬಿಳಿ ದೀಪದ ಕೆಳಗೆ ಬೆಲ್ಟು ಓಡುತ್ತಿತ್ತು, ಹಣ್ಣು ಉರುಳಿಕೊಂಡು ಬರುತ್ತಿತ್ತು, ಗಾಳಿಗೆ ಕೊಂಬೆ ತರಚಿದ್ದು, ತೊಟ್ಟಿನ ಹತ್ತಿರ ಮೆತ್ತಗಾಗಿದ್ದು, ಹೊಕ್ಕುಳು ಬಿರಿದದ್ದು, ಎಲ್ಲವನ್ನೂ ಕೈ ಎತ್ತಿ ಎಸೆಯುತ್ತಿತ್ತು, ಯಾಕೆ ಎಸೆದೆ ಎಂದು ಮನಸ್ಸಿಗೆ ತಿಳಿಯುವುದು ಆಮೇಲೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಹೊಟ್ಟೆಪಾಡಿನ ಗುಣವೂ ಹಾಗೆಯೇ. ಕೊನೆಗೆ ಒಂದು ಹಣ್ಣಿಗೆ ಮೂವತ್ತು ಫೋಟೋ ತೆಗೆಯುವ ಯಂತ್ರ ಬಂತು. ಇವನನ್ನು ಮನೆಗೆ ಕಳಿಸುವಾಗ ಗೋಡೆ ಗಡಿಯಾರ ಕೊಟ್ಟರು. ಅದು ನಾಲ್ಕು ನಿಮಿಷ ಹಿಂದಿದೆ ಎಂದು ಇವನು ವಂದನೆಯ ಭಾಷಣದಲ್ಲೇ ಹೇಳಿದ. ಎಲ್ಲರೂ ನಕ್ಕರು, ಮ್ಯಾನೇಜರ್ ನಗಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವನು ಎಂದು ಯಾರೋ ಹಿಂದಿನ ಸಾಲಿನಲ್ಲಿ ಅಂದದ್ದು ಕಿವಿಗೆ ಬಿತ್ತು. ಅಂದವನು ಯಾರು ಎಂದು ಇವತ್ತಿಗೂ ಗೊತ್ತಿಲ್ಲ, ಅದೇ ಕೊರಗು. ಗೊತ್ತಿದ್ದರೆ ಹೋಗಿ ಕೇಳಬಹುದಿತ್ತು, ಮೊಸರಲ್ಲಿ ಕಲ್ಲು ಇದ್ದರೆ ಹಲ್ಲು ಮುರಿಯುವ ಮುಂಚೆ ಯಾರಾದರೂ ಹೇಳಬೇಕೋ ಬೇಡವೋ ಎಂದು. ಮಗಳು ಜನೆಲ್ ಹುಟ್ಟಿದಾಗ ನರ್ಸು ಬಟ್ಟೆ ಸುತ್ತಿ ಕೈಗಿತ್ತಳು. ಇವನು ಮೊದಲು ಆಡಿದ ಮಾತು, ಎಡಗಿವಿಯ ಅಂಚು ಮಡಚಿಕೊಂಡಿದೆ ಎಂದು. ನರ್ಸಿಗೆ ಮುಖ ಕೆಂಪಾಯಿತು. ಹಾಸಿಗೆಯಲ್ಲಿದ್ದ ವರ್ನಾ ಮಾತ್ರ ನಕ್ಕಿದ್ದಳು, ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಗ ಯಾಕೆ ನಕ್ಕಳು ಎಂದು ಅವನು ಕೇಳಿರಲಿಲ್ಲ.

ಅಡುಗೆಮನೆ ದಾಟಿ ಹಿತ್ತಿಲಿಗೆ ಹೋಗುವಾಗ ಮೇಜಿನ ಮೇಲೆ ಒಂದು ತಟ್ಟೆ, ಅದರ ಮೇಲೆ ಉಬ್ಬಿದ ಏನನ್ನೋ ಮುಚ್ಚಿದ ನೀಲಿ ಅಂಚಿನ ಬಟ್ಟೆ. ಬೆಳಗಿನ ಜಾವ ನಿದ್ದೆಯಲ್ಲೇ ವಾಸನೆ ಬಂದಿತ್ತು: ದ್ರಾಕ್ಷಿ, ಕಿತ್ತಳೆ ಸಿಪ್ಪೆ, ಬ್ರಾಂದಿ. ಕನಸಿರಬೇಕೆಂದು ಮಗ್ಗುಲಾಗಿದ್ದ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಆ ಕೇಕು ಬೆಂದಿಲ್ಲ. ಊರಿನ ಕೃಷಿ ಪ್ರದರ್ಶನದಲ್ಲಿ ಅಡುಗೆ ವಿಭಾಗಕ್ಕೆ ಹೆಂಗಸರು ಕೇಕು ಇಡುತ್ತಾರೆ, ಹೆಸರಿಲ್ಲ, ಬರೀ ನಂಬರು. ಆ ವರ್ಷ ತೀರ್ಪುಗಾರ್ತಿ ಕಾಲು ಮುರಿದುಕೊಂಡಿದ್ದಳು. ಕಣ್ಣಿರುವವನು ನೋಸ್ಕೆಯೇ ಎಂದು ಇವನನ್ನು ಕೂರಿಸಿದರು. ಹದಿನೇಳನೇ ನಂಬರಿನ ಕೇಕು ಯಾರದೆಂದು ಇವನಿಗೆ ದೂರದಿಂದಲೇ ತಿಳಿದಿತ್ತು, ಹಿಂದಿನ ದಿನವಷ್ಟೇ ಮನೆಯಲ್ಲಿ ಅದನ್ನು ನೋಡಿ ಹೊಗಳಿಯೂ ಇದ್ದ. ತಿಳಿದದ್ದೇ ತಪ್ಪಾಯಿತು. ಹೆಂಡತಿಯ ಪರ ವಾಲಿದ ಅಂತ ಯಾರೂ ಅನ್ನಬಾರದಲ್ಲ, ಅದಕ್ಕೇ ಉಳಿದ ಕೇಕುಗಳಿಗಿಂತ ಎರಡು ಪಟ್ಟು ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕಾರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ಮೇಲ್ಮೈಯಲ್ಲಿ ಬಿರುಕು, ಬಹುಮಾನಕ್ಕೆ ಯೋಗ್ಯವಲ್ಲ. ಮಧ್ಯಾಹ್ನ ಜನ ಸಾಲಾಗಿ ಬಂದು ಕಾರ್ಡು ಓದುತ್ತಿದ್ದರು. ವರ್ನಾ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಓದಿ, ಮುಂದಿನ ಕೇಕಿನ ಕಾರ್ಡನ್ನೂ ಓದಿ, ಹೊರಗೆ ಹೋದಳು. ಜಗಳವಾಡಲಿಲ್ಲ. ಆ ತಗಡಿನ ಅಚ್ಚನ್ನು ಮೇಲಿನ ಅಟ್ಟಣಿಗೆಗೆ ಎತ್ತಿಟ್ಟಳು, ಅಷ್ಟೆ. ಈಗ ಎರೋಲ್ ಬಟ್ಟೆಯ ಅಂಚಿನವರೆಗೆ ಕೈ ಚಾಚಿದ. ಎತ್ತಿದರೆ ಕಣ್ಣು ಏನನ್ನು ಎತ್ತಿಕೊಳ್ಳುತ್ತದೋ ಎಂದು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡ.

ಹಿತ್ತಿಲಲ್ಲಿ ಬಿಸಿಲು ಬಿದ್ದಿತ್ತು. ವಾಟಲ್ ಮರ ಹಳದಿ ಹೂ ಉದುರಿಸಿ ಟ್ರೇಲರಿನ ಮುಚ್ಚಳವನ್ನು ಸಿಂಗರಿಸಿತ್ತು. ಮ್ಯಾಗ್‌ಪೈ ಹಕ್ಕಿಯೊಂದು ಬೇಲಿಯ ಮೇಲೆ ಕೂತು ಇವನನ್ನೇ ನೋಡುತ್ತಿತ್ತು. ಎರಡು ಗಂಟೆ ಸಮಯವಿದೆ. ಹೇಳಬಾರದೆಂದು ಆಣೆಯಾಗಿತ್ತೇ ಹೊರತು ಸರಿಮಾಡಬಾರದೆಂದು ಆಗಿರಲಿಲ್ಲ. ದಾರಿಸೂಚಕ ದೀಪದ ತಂತಿ ಅದಲುಬದಲಾಗಿದ್ದನ್ನು ಭಾನುವಾರವೇ ತೀರಿಸಿದ್ದ, ಮಂಡಿನೋವೆಂದು ಚರ್ಚಿಗೆ ತಪ್ಪಿಸಿಕೊಂಡು, ಅವಳು ಕಾರು ತೆಗೆದುಕೊಂಡು ಹೋದಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ. ದೇವರಿಗೆ ಸುಳ್ಳು ಹೇಳಿದ್ದು ಅದೇ ಮೊದಲಲ್ಲವಾದರೂ ತಂತಿಗಾಗಿ ಹೇಳಿದ್ದು ಅದೇ ಮೊದಲು. ಈಗ ಚಿಲಕದ ನಾಲಿಗೆಗೆ ಅರ ಹಾಕಿ ಉಜ್ಜಿದ. ತೊಟ್ಟಿಕ್ಕುವ ನಲ್ಲಿಗೆ ದಾರ ಸುತ್ತಿದ. ಅಡುಗೆ ಪೆಟ್ಟಿಗೆ ಮುಕ್ಕಾಲು ಭಾಗ ಹೊರಬಂದು ಹಟಮಾರಿ ಕತ್ತೆಯ ಹಾಗೆ ನಿಲ್ಲುತ್ತಿತ್ತು, ಅದರ ಹಳಿಗೆ ಮೇಣ ಸವರಿದ. ಗುಡಾರದ ಕೋಲುಗಳಲ್ಲಿ ಒಂದು ಮಾತ್ರ ಎರಡು ಬೆರಳು ಹೆಚ್ಚು ಉದ್ದ, ಬೇರೆ ಯಾರದೋ ಗುಡಾರದ್ದು. ಅದಕ್ಕೆ ಅವನ ಹತ್ತಿರ ಮದ್ದಿರಲಿಲ್ಲ. ಕಿಟಕಿಯ ಜಿಪ್ಪು ನಡುವೆ ಒಂದು ಹಲ್ಲು ಕಳೆದುಕೊಂಡಿತ್ತು. ಇಷ್ಟೆಲ್ಲ ಮಾಡುವಾಗ ಅವನಿಗೆ ಒಂದು ಖುಷಿ ಆಗುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಅವಳ ವಸ್ತುವಿನ ತಪ್ಪು ಕಂಡು ನಿನಗೆ ಖುಷಿಯೇನೋ ಎಂದು ತನ್ನನ್ನೇ ಬೈದುಕೊಂಡ. ಅಡುಗೆ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಬಳಕೆಯ ಕೈಪಿಡಿ ಇತ್ತು. ಎರೋಲ್ ಬೆಂಕಿಪೊಟ್ಟಣದ ಮೇಲಿನ ಸೂಚನೆಯನ್ನೂ ಓದದೆ ಕಡ್ಡಿ ಗೀರಿದವನಲ್ಲ. ಆದರೆ ಗುರುವಾರ ಇದನ್ನು ತೆರೆಯದೆ ತಾನೇ ಒಳಗಿಟ್ಟಿದ್ದ, ಓದಿದರೆ ಇನ್ನೂ ಹತ್ತು ಊನ ಕಂಡಾವೆಂದು. ಈಗಲೂ ಹಾಗೆಯೇ ಒಳಗೆ ತಳ್ಳಿದ.

ಇನ್ನೊಂದೇ ಬಾಕಿ ಇತ್ತು. ಬೆಟ್ಟದ ಕಡೆ ಶುಕ್ರವಾರ ಮಳೆ ಎಂದು ರೇಡಿಯೋ ಹೇಳಿತ್ತು. ಕ್ಯಾನ್ವಾಸು ಎಬ್ಬಿಸಿ, ಮಳೆನೀರಿನ ಟ್ಯಾಂಕಿಗೆ ಪೈಪು ಸಿಕ್ಕಿಸಿ, ಪೈಪಿನ ಬಾಯಿಯನ್ನು ಬೇಲಿಗೂಟಕ್ಕೆ ಕಟ್ಟಿ ಚಾವಣಿಯ ಮೇಲೆ ನೀರು ಬೀಳುವಂತೆ ಮಾಡಿ, ರೇನ್‌ಕೋಟು ಟೋಪಿ ಹಾಕಿಕೊಂಡು ಒಳಗೆ ಹೋಗಿ ಹಾಸಿಗೆಯ ಮೇಲೆ ಕುಳಿತು ಮೇಲೆ ನೋಡಿದ. ಒಂದು ನಿಮಿಷ ಏನೂ ಇಲ್ಲ. ನೀರಿನ ಸದ್ದು ಇಂಪಾಗಿತ್ತು, ಕ್ಯಾನ್ವಾಸಿನೊಳಗಿನ ಹಸಿರು ಬೆಳಕಿನಲ್ಲಿ ಅವನಿಗೆ ನಾಳೆ, ನಾಡಿದ್ದು, ವರ್ನಾ ಇದೇ ಹಾಸಿಗೆಯಲ್ಲಿ ಮಲಗಿ ಪುಸ್ತಕ ಓದುವುದು ಎಲ್ಲ ಕಂಡವು. ಆಮೇಲೆ ನಡುಹೊಲಿಗೆಯ ಉದ್ದಕ್ಕೂ, ಸೂಜಿ ಚುಚ್ಚಿದ ಒಂದೊಂದು ತೂತಿನಲ್ಲೂ ಒಂದೊಂದು ಹನಿ ಮಣಿಯ ಹಾಗೆ ಮೂಡಿತು. ಮಣಿಗಳು ದಪ್ಪಗಾದವು. ಒಂದು ಉದುರಿ ಅವನ ಮೂಗಿನ ಮೇಲೆ ಬಿತ್ತು. ಆಮೇಲೆ ಲೆಕ್ಕವಿಲ್ಲ. ಅವನು ಎದ್ದು ಅಡುಗೆಮನೆಗೆ ಓಡಿ ಪಾತ್ರೆ, ಬೋಗುಣಿ, ಟೀ ಕೆಟಲು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ತಂದು ಹಾಸಿಗೆಯ ಮೇಲೆ ಸಾಲಾಗಿಟ್ಟ. ಪೈಪು ನಿಲ್ಲಿಸಬೇಕೆಂಬ ಬುದ್ಧಿ ಬರಲಿಲ್ಲ. ಬಂದಿದ್ದು ಒಂದೇ: ಇದು ಅರದಿಂದಲೋ ಮೇಣದಿಂದಲೋ ಹೋಗುವ ಊನವಲ್ಲ. ಮನೆಗೆ ಚಾವಣಿಯೇ ಜರಡಿ. ಇದನ್ನು ಹೇಳದೆ ಇರಲಾಗದು, ಹೇಳಿದರೆ ಟ್ರೇಲರು ವಾಪಸ್ಸು, ಬೆಟ್ಟ ಇಲ್ಲ, ಹೂ ಇಲ್ಲ, ಆ ಮುಖವೂ ಇಲ್ಲ; ಮತ್ತೆ ಅದನ್ನು ಅಳಿಸುವವನು ನಾನೇ. ಪಾತ್ರೆಗಳು ಟಣ್ ಟಣ್ ಎನ್ನುತ್ತಿದ್ದವು. ತಾನು ತಂದು ಹಾಸಿಗೆಯ ನಟ್ಟನಡುವೆ ಇಟ್ಟ ದುಂಡಗಿನ ತಗಡು ಆ ಕೇಕಿನ ಅಚ್ಚೇ ಎಂದು ಆಗ ಅವನ ಗಮನಕ್ಕೆ ಬಂತು. ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ವರ್ನಾ, ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

ಅವಳು ಮೊದಲು ಪಾತ್ರೆಗಳನ್ನು ನೋಡಿದಳು, ಆಮೇಲೆ ರೇನ್‌ಕೋಟನ್ನು, ಆಮೇಲೆ ಟೋಪಿಯ ಅಂಚಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು. ತೊಳೆಯುತ್ತಿದ್ದೆ ಎಂದ ಎರೋಲ್. ಒಳಗೆ ಕೂತ್ಕೊಂಡಾ ಎಂದು ಕೇಳಿದಳು. ಅವಳು ಅವನ ಪಕ್ಕದಲ್ಲೇ, ಒದ್ದೆ ಹಾಸಿಗೆಯ ಮೇಲೆ, ಚರ್ಚಿಗೆ ಹೋಗುವ ಒಳ್ಳೆಯ ಲಂಗದಲ್ಲೇ ಕೂತುಬಿಟ್ಟಳು.

"ಎರೋಲ್, ನಿಜ ಹೇಳು. ನಿನಗೆ ಮೈಗೆ ಏನಾದ್ರೂ ಆಗಿದ್ಯಾ?"

"ನನಗಾ? ಇಲ್ವಲ್ಲ."

"ಐದು ದಿನ ಆಯ್ತು. ಒಂದು ಮಾತು ಆಡ್ಲಿಲ್ಲ ನೀನು. ಚಿಲಕ ಕೂರಲ್ಲ, ದೀಪ ತಿರುಗಾಮುರುಗ, ಕೋಲು ಉದ್ದ, ಎಲ್ಲಾನೂ ನೋಡ್ಕೊಂಡು ಚೆನ್ನಾಗಿದೆ, ಚೆನ್ನಾಗಿದೆ ಅಂತೀಯ. ನಾನು ಡಾಕ್ಟರಿಗೆ ಫೋನ್ ಮಾಡೋದೊಂದು ಬಾಕಿ. ಪಾರ್ಶ್ವವಾಯು ಆದ್ರೆ ಮನುಷ್ಯರು ಹೀಗೆ ಮೆತ್ತಗಾಗ್ತಾರಂತೆ."

ಎರೋಲನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನಗೆ ಚಿಲಕ ಗೊತ್ತಿತ್ತೇ ಎಂದು ತೊದಲಿದ. ಅವಳು ಲಂಗದ ಜೇಬಿನಿಂದ ಒಂದು ಹಳೆಯ ಲಕೋಟೆ ತೆಗೆದಳು. ಅದರ ಬೆನ್ನಿನ ಮೇಲೆ ಅವಳ ಓರೆ ಅಕ್ಷರದ ಸಾಲುಗಳು. ಅವನು ಕಂಡದ್ದು ಆರು, ಈ ಸೋರುವಿಕೆಯನ್ನೂ ಸೇರಿಸಿದರೆ ಏಳು. ಅವಳದು ಹದಿನಾಲ್ಕು. ಶನಿವಾರ ಮಧ್ಯಾಹ್ನ ಅವನು ಮಲಗಿದ್ದಾಗ ಕನ್ನಡಕ ಹಾಕಿಕೊಂಡು ಚಕ್ರದ ಕೆಳಗೆಲ್ಲ ತೆವಳಿದ್ದಳಂತೆ. ಮೂವತ್ತೊಂಬತ್ತು ವರ್ಷ ನಿನ್ನ ಜೊತೆ ಬಾಳಿದ್ದೇನೆ, ಇಷ್ಟೂ ಕಲಿಯದಿರಲು ನಾನೇನು ಕುರುಡಿಯೇ ಎಂದಳು. ಚರ್ಚಿನ ಹಾಲೂ ಸುಳ್ಳು, ಪತ್ರಿಕೆ ಮಡಚುವುದೂ ಸುಳ್ಳು. ಹೋಗಿದ್ದು ಬಸ್‌ಸ್ಟ್ಯಾಂಡಿಗೆ. ಸ್ಟಾವ್ರೋಸ್ ಬಸ್ಸಿಗೆ ಹಾಕಿ ಕಳಿಸಿದ ಪೆಟ್ಟಿಗೆಯಲ್ಲಿ ಹೊಸ ಚಿಲಕ, ಸರಿಯಾದ ಕೋಲು, ಜಿಪ್ಪು, ನಲ್ಲಿ ಎಲ್ಲ ಇದ್ದವು. ಅವನಿಗೆ ಮೂರು ಸಲ ಫೋನ್ ಮಾಡಿದೆ, ಮೊದಲ ಸಲ ಅಮ್ಮಾ ಅಂದ, ಎರಡನೇ ಸಲ ಮೇಡಂ ಅಂದ, ಮೂರನೇ ಸಲ ನಾನು ಬಾಯಿ ಬಿಡುವ ಮುಂಚೆಯೇ ಕ್ಷಮಿಸಿ ಅಂದ ಎಂದು ಹೇಳುವಾಗ ಅವಳ ಮುಖದಲ್ಲಿ ಗುರುವಾರದ ಆ ಬೆಳಕು ಮತ್ತೆ ಬಂದಿತ್ತು. ಉಳಿದದ್ದನ್ನು ವಾಪಸ್ಸು ಬರುವಾಗ ಅವನ ಶೆಡ್ಡಿನಲ್ಲೇ ನಿಲ್ಲಿಸಿಕೊಂಡು ಮಾಡಿಕೊಡುತ್ತಾನೆ. ಆದರೆ ಸಾಮಾನು ತಲುಪುವ ತನಕ ಯಾರೂ ಚಿಲಕಕ್ಕೆ ಕೈ ಹಚ್ಚಬಾರದು, ಅರಗಿರ ಹಾಕಿದರೆ ತಾನು ಹೊಣೆಯಲ್ಲ ಎಂದಿದ್ದಾನೆ. ಅದಕ್ಕೇ ಹತ್ತಿರ ಹೋಗಬೇಡ ಅಂದಿದ್ದು. ಎರೋಲ್ ಬಲಗೈಯನ್ನು ರೇನ್‌ಕೋಟಿನ ಜೇಬಿಗೆ ಇಳಿಸಿದ. ಜೇಬಿನಲ್ಲಿ ಅರ ಇತ್ತು. ಅದು ನಲ್ಲಿಯ ಇಕ್ಕಳಕ್ಕೆ ತಾಗಿ ಠಣ್ ಎಂದಿತು.

"ಹಾಕಿದ್ಯಾ?"

"ಸ್ವಲ್ಪ."

"ದೀಪದ ತಂತಿ? ಅದನ್ನೂ ಮುಟ್ಟಿದ್ಯಾ? ಶನಿವಾರ ನಾನೇ ಬದಲಾಯಿಸಿದ್ದೆ ಕಣೋ ಅದನ್ನ."

ಅವನು ಭಾನುವಾರ ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದರೆ ಅವಳು ಸರಿಮಾಡಿದ್ದನ್ನು ಅವನು, ಕಾರಿಲ್ಲದೆ, ಹತ್ತಿಸಿ ನೋಡದೆ, ಮತ್ತೆ ತಿರುಗಾಮುರುಗ ಮಾಡಿಟ್ಟಿದ್ದ. ವರ್ನಾ ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ತಡೆಯಲಾರದೆ ಹಿಂದಕ್ಕೆ ಒರಗಿದಳು, ಒರಗಿದ ಭರಕ್ಕೆ ಟೀ ಕೆಟಲು ಉರುಳಿ ನೀರೆಲ್ಲ ಅವಳ ಬೆನ್ನಿಗೆ ಹರಿಯಿತು, ಆಗ ಇನ್ನೂ ಜೋರಾಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವ ಅದೇ ನಗು, ಆಸ್ಪತ್ರೆಯ ಹಾಸಿಗೆಯದು. ಎರೋಲನಿಗೆ ಕಣ್ಣು ತುಂಬಿಬಂತು. ನೀರು ಮುಖದ ಮೇಲೆಲ್ಲ ತೊಟ್ಟಿಕ್ಕುತ್ತಿದ್ದುದರಿಂದ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅವತ್ತು ಯಾಕೆ ನಕ್ಕೆ ಎಂದು ಈಗ ಕೇಳಿದ, ಜನೆಲಳ ಕಿವಿ ಮಡಚಿದೆ ಎಂದಾಗ. ಅವಳಿಗೆ ನೆನಪು ಮಾಡಿಕೊಡಬೇಕಾಗಲಿಲ್ಲ. ಬಂದವರೆಲ್ಲ ಮಗು ಮುದ್ದಾಗಿದೆ ಎಂದು ಹೂ ಇಟ್ಟು ಹೋದರು, ಕಿವಿಯ ತನಕ ಮಗುವನ್ನು ನೋಡಿದವನು ನೀನೊಬ್ಬನೇ ಎಂದಳು. ಹಾಗಾದರೆ ಕೇಕು ಎಂದು ಅವನ ಬಾಯಿಂದ ಬಂದುಬಿಟ್ಟಿತು. ಹನ್ನೊಂದು ವರ್ಷದಲ್ಲಿ ಆ ಮಾತು ಇಬ್ಬರ ನಡುವೆ ಬಂದಿರಲಿಲ್ಲ. ನಗು ನಿಂತಿತು.

"ಬಿರುಕು ನಾನೇ ಮೊದಲು ನೋಡಿದ್ದು," ಎಂದಳು ವರ್ನಾ, ಚಾವಣಿ ನೋಡುತ್ತ. "ಒಲೆ ಬಾಗಿಲು ಬೇಗ ತೆಗ್ದುಬಿಟ್ಟಿದ್ದೆ. ಬಿರುಕಿಗೆ ನಂಗೇನೂ ಆಗ್ಲಿಲ್ಲ. ಹಿಂದಿನ ದಿನ ಅಡುಗೆಮನೇಲಿ ನಿಂತ್ಕೊಂಡು ಅದೇ ಕೇಕ್ ನೋಡಿ, ಚೆನ್ನಾಗಿದೆ ಅಂದೆ ನೀನು. ಮಾರನೇ ದಿನ ಊರಿಗೆಲ್ಲ ಹೇಳ್ದೆ. ನನಗೆ ಮೊದ್ಲು ಹೇಳ್ಬೇಕಿತ್ತು."

ಅಷ್ಟೇ. ಹನ್ನೊಂದು ವರ್ಷ ಅವನು ತನ್ನ ಕಣ್ಣನ್ನು ಶಪಿಸಿದ್ದ, ತಪ್ಪು ಮಾಡಿದ್ದು ಕಣ್ಣಲ್ಲ. ಆ ಸಂಜೆಯೂ ಕಣ್ಣು ಬಿರುಕನ್ನು ಎತ್ತಿಕೊಂಡಿತ್ತು, ಈಗ ನೆನಪಾಯಿತು, ಅವಳ ಮುಖ ನೋಡಿ ಅದನ್ನು ನುಂಗಿದ್ದ, ಉಪಕಾರ ಮಾಡುತ್ತಿದ್ದೇನೆಂದು. ಐದು ದಿನದಿಂದ ಮಾಡುತ್ತಿದ್ದುದೂ ಅದೇ ಉಪಕಾರ. ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. "ಚಾವಣಿ ಸೋರತ್ತೆ, ವರ್ನಾ," ಎಂದ. "ಹೊಲಿಗೆ ಉದ್ದಕ್ಕೂ. ಇದನ್ನ ನಾನು ಸರಿಮಾಡಕ್ಕಾಗಲ್ಲ." ಹೇಳಿದ ಮೇಲೆ ಐದು ದಿನದ ಗಂಟು ಎದೆಯಿಂದ ಇಳಿದುಹೋಯಿತು. ಅವಳು ಅವನ ಒದ್ದೆ ಕೈಯನ್ನು ತೆಗೆದುಕೊಂಡು, ಲಕೋಟೆಯನ್ನು ಅವನ ಮಂಡಿಯ ಮೇಲಿಟ್ಟು, ಹದಿನೈದು ಎಂದು ಬರೆದಳು. ಶಾಯಿ ನೀರಿಗೆ ಹರಡಿಕೊಂಡಿತು.

ಬೇಲಿಯಾಚೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಡಡ್ಲಿ, ಎಪ್ಪತ್ತಾರರ ವಿಧುರ, ಮೂರು ಟ್ರೇಲರು ಸವೆಸಿ ಕೂತವನು, ಬೇಲಿಯ ಮೇಲೆ ಗದ್ದ ಊರಿ ಎಷ್ಟು ಹೊತ್ತಿನಿಂದ ನಿಂತಿದ್ದನೋ. ನದಿ ಮನೆಗೇ ಬಂತಲ್ಲ ಎರೋಲ್, ನೀವು ಊರು ಬಿಟ್ಟು ಹೋಗೋದ್ಯಾಕೆ ಎಂದು ಕೇಳಿದ. ವರ್ನಾ ತಲೆ ಹೊರಗೆ ಹಾಕಿ ಚಾವಣಿ ಸೋರುವುದನ್ನು ಹೇಳಿದಳು. ಡಡ್ಲಿ ಆಕಾಶ ನೋಡಿದ.

"ಹೊಸ ಕ್ಯಾನ್ವಾಸ್ ಸೋರ್ದೆ ಇನ್ನೇನು ಮಾಡುತ್ತೆ, ಮಾರಾಯ? ಸೂಜಿ ತೂತು ದೊಡ್ಡದು, ನೂಲು ಸಣ್ಣದು. ನೂಲು ನೀರು ಕುಡಿದು ಊದಿಕೊಳ್ಳಬೇಕು, ಆಗ ತೂತು ತಾನೇ ಮುಚ್ಕೊಳ್ಳುತ್ತೆ. ಮೂರು ಸಲ ನೆನಸು, ಮೂರು ಸಲ ಒಣಗಿಸು. ಕೈಪಿಡಿ ಮೊದಲನೇ ಪುಟದಲ್ಲೇ ಇರುತ್ತಲ್ಲ. ಈ ಊರಲ್ಲಿ ಕೈಪಿಡಿ ಓದೋನು ಅಂದ್ರೆ ನೀನೊಬ್ಬನೇ ಅಂತ ಅಂದ್ಕೊಂಡಿದ್ದೆ."

ವರ್ನಾ ಗಂಡನ ಕಡೆ ತಿರುಗಿದಳು. ಅವನು ಓದುತ್ತಾನೆಂದು ಅವಳು ಓದಿರಲಿಲ್ಲ. ಊನ ಕಂಡೀತೆಂದು ಅವನು ಓದಿರಲಿಲ್ಲ. ಕೈಪಿಡಿ ತೆಗೆದು ನೋಡಿದರೆ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ, ಡಡ್ಲಿ ಹೇಳಿದ್ದೇ ಇತ್ತು. ಎರೋಲನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಷ್ಟು ಸಂತೋಷವಾಗಿ ಅವನು ಯಾವತ್ತೂ ದಡ್ಡನಾಗಿರಲಿಲ್ಲ.

ಆಮೇಲಿನ ದಿನವೆಲ್ಲ ಒಂದು ಹಬ್ಬದ ಹಾಗೆ ಹೋಯಿತು. ಹಾಸಿಗೆಯನ್ನು ಹೊರಗೆಳೆದು ಬೇಲಿಯ ಮೇಲೆ ಹಾಕಿದರು. ಒಳನಾಡಿನಿಂದ ಒಣ ಗಾಳಿ ಬೀಸುತ್ತಿತ್ತು, ಒಂದು ತಾಸಿಗೆಲ್ಲ ಕ್ಯಾನ್ವಾಸು ಗರಿಗರಿಯಾಗಿ ಒಣಗುತ್ತಿತ್ತು, ಡಡ್ಲಿ ಕೂಡಲೇ ಪೈಪು ಹಿಡಿದು ಬರುತ್ತಿದ್ದ. ಪೈಪನ್ನು ಅವನು ಯಾರ ಕೈಗೂ ಕೊಡಲಿಲ್ಲ. ಹೆಂಡತಿ ಹೋದ ಮೇಲೆ ತಾನು ಟ್ರೇಲರು ಮಾರಿದ್ದು ಯಾಕೆಂದರೆ ಒಳಗೆ ಕೂತು ಎಲ್ಲಿ ಸೋರುತ್ತೆ ಎಂದು ಕೂಗಿ ಹೇಳುವವರು ಯಾರೂ ಇರಲಿಲ್ಲವೆಂದು, ತಮಾಷೆಗೆ ಎಂಬಂತೆ ಹೇಳಿದ. ನಡುವೆ ಎರೋಲ್ ತಂತಿ ಮತ್ತೆ ಬದಲಾಯಿಸಿದ, ವರ್ನಾ ಕಾರಿನಲ್ಲಿ ಕೂತು ದೀಪ ಹಾಕಿದಳು, ಎಡಕ್ಕೆ ಎಡ, ಬಲಕ್ಕೆ ಬಲ. ಹೊಸ ಚಿಲಕ ಕೂರಿಸಿದರು. ಅವನು ಅರ ಹಾಕಿದ್ದು ಹಳೆಯ ಚಿಲಕದ ನಾಲಿಗೆಗೆ ಮಾತ್ರವಾದ್ದರಿಂದ ಹೊಸದಕ್ಕೆ ಏನೂ ಆಗಿರಲಿಲ್ಲ. ಸ್ಟಾವ್ರೋಸ್‌ಗೆ ಇದನ್ನು ಹೇಳಲೇಬೇಕು ಎಂದ ಎರೋಲ್. ಹೇಳು, ಆದರೆ ನಿಧಾನಕ್ಕೆ, ಪಾಪ ಅವನಿಗೆ ಹದಿನಾಲ್ಕೇ ಸಾಕಾಗಿದೆ ಎಂದಳು ವರ್ನಾ. ಊಟಕ್ಕೆ ಮೆಟ್‌ವರ್ಸ್ಟ್ ಸಾಸೇಜು, ಉಪ್ಪಿನಕಾಯಿ ಸೌತೆ, ಬ್ರೆಡ್ಡು, ನಿಂತುಕೊಂಡೇ ತಿಂದರು. ಎರೋಲ್ ತಡೆಯಲಾರದೆ, ಬ್ರೆಡ್ಡು ಒಂದು ಬದಿ ಜಾಸ್ತಿ ಬೆಂದಿದೆ ಎಂದ. ಡಡ್ಲಿ ಮತ್ತು ವರ್ನಾ ಒಟ್ಟಿಗೆ ನಿಟ್ಟುಸಿರು ಬಿಟ್ಟರು.

ನಾಲ್ಕು ಗಂಟೆಗೆ ಮೂರನೆಯ ಸಲ. ಇಬ್ಬರೂ ಒಳಗೆ ಬರಿಯ ಹಲಗೆಯ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿ ನಡುಹೊಲಿಗೆಯನ್ನು ನೋಡುತ್ತಿದ್ದರು. ಕೇಕಿನ ಅಚ್ಚನ್ನು ನಡುವೆ ಇಟ್ಟಿದ್ದರು, ಸಾಕ್ಷಿಗೆ. ಹೊರಗೆ ಡಡ್ಲಿ ಮಳೆ ಸುರಿಸಿದ. ಹೊಲಿಗೆ ಕಪ್ಪಗಾಯಿತು. ತಲೆಯ ಕಡೆಯ ಒಂದು ತೂತಿನಲ್ಲಿ ಒಂದು ಮಣಿ ಮೂಡಿ, ದಪ್ಪಗಾಗಿ, ಬೀಳಲೋ ಬೇಡವೋ ಎಂದು ಯೋಚಿಸಿ, ಒಂದು ಸಲ ಟಣ್ ಎಂದು ಬಿತ್ತು. ಇನ್ನೊಂದು ಮೂಡಿತು, 'ಬಿತ್ತು' ಎಂದು ಎರೋಲ್ ಬಾಯಿ ತೆರೆಯುವಷ್ಟರಲ್ಲಿ ನೂಲಿನೊಳಗೆ ಇಂಗಿಹೋಯಿತು. ಆಮೇಲೆ ಬರಲಿಲ್ಲ. ಅವರು ಕಾದರು. ನೀರು ಚಾವಣಿಯ ಮೇಲೆ ಬಡಿಯುತ್ತಲೇ ಇತ್ತು, ಒಳಗೆ ಹಸಿರು ಬೆಳಕು ಒಣಗಿ ಬೆಚ್ಚಗಿತ್ತು. ವರ್ನಾ ಎದ್ದು, ಕೊಡೆ ಹಿಡಿದುಕೊಂಡು ಮನೆಯೊಳಗೆ ಹೋಗಿ, ನೀಲಿ ಅಂಚಿನ ಬಟ್ಟೆ ಮುಚ್ಚಿದ ತಟ್ಟೆಯನ್ನು ತಂದು ಕಂಬಳಿಯ ಮೇಲಿಟ್ಟಳು. ಚಾಕು ಪಕ್ಕದಲ್ಲಿಟ್ಟಳು. ಬಟ್ಟೆಯನ್ನು ತೆಗೆದದ್ದು ಅವಳೇ, ಮತ್ತು ತೆಗೆದ ಮೇಲೆ ನೋಡಿದ್ದು ಕೇಕನ್ನಲ್ಲ, ಅವನನ್ನು.

ಕಣ್ಣು ಎತ್ತಿಕೊಂಡಿತು. ನಡುವಿನಿಂದ ಅಂಚಿನ ತನಕ. ಚೆನ್ನಾಗಿದೆ ಎಂಬ ಹಳೆಯ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಪಕ್ಕಕ್ಕೆ ತಳ್ಳಿದ.

"ಬಿರುಕು ಬಿಟ್ಟಿದೆ, ವರ್ನಾ."

"ಎಲ್ಲಿ?"

"ಇಲ್ಲಿಂದ, ಇಲ್ಲಿ ತನಕ." ಬೆರಳಿಟ್ಟು ತೋರಿಸಿದ.

ಅವಳು ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಹೌದು ನೋಡು," ಎಂದಳು, ಮುಖವೆಲ್ಲ ಅರಳಿ. "ಹಾಗಾದ್ರೆ ಇಲ್ಲೇ ಕೊಯ್ಯೋಣ." ಬಿರುಕಿನ ಗುಂಟ ಚಾಕು ಇಳಿಸಿ ದೊಡ್ಡ ತುಂಡನ್ನು ಅವನ ಕೈಗಿತ್ತಳು. ಹೊರಗಿನಿಂದ ಡಡ್ಲಿ, ಇನ್ನೂ ಹಿಡೀಲಾ, ಸಾಕಾ ಎಂದು ಕೂಗಿ ಕೇಳಿದ. ಇಬ್ಬರ ಬಾಯಿಯೂ ತುಂಬಿತ್ತು, ಉತ್ತರ ಕೊಡುವವರಿರಲಿಲ್ಲ. ಅವನು ಹಿಡಿದೇ ಇದ್ದ.